ತಾರಸಿಯ ಮೇಲೊಂದು ರೈಲು ಬಾರ್ಜ್: ಗೂಡ್ಸ್ ಡಬ್ಬಿಗಳನ್ನು ನೀರು ದಾಟಿಸುವ ಮಾದರಿ ಮಾಡುವುದು ಹೇಗೆ?

ಮೈಸೂರಿಗೂ ಸಮುದ್ರಕ್ಕೂ ನಡುವೆ ಇಡೀ ಘಟ್ಟವೇ ಅಡ್ಡ ನಿಂತಿದೆ. ಆದರೂ ಹೋದ ದಸರಾ ರಜೆಯಲ್ಲಿ ನಮ್ಮ ಮನೆ ತಾರಸಿಯ ಮೇಲೆ ಒಂಬತ್ತು ಗೂಡ್ಸ್ ಡಬ್ಬಿಗಳು ನೀರು ದಾಟಿದವು. ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಹೊಸದು ಬೇಕಿತ್ತು. ಜ್ವಾಲಾಮುಖಿ, ಮಳೆನೀರು ಕೊಯ್ಲು, ಸೌರವ್ಯೂಹ, ಪ್ರತಿ ವರ್ಷ ಅವೇ. ನನಗೆ ಚಿಕ್ಕಂದಿನಿಂದ ರೈಲಿನ ಹುಚ್ಚು. ಅವಳಿಗೆ ನೀರಾಟದ ಹುಚ್ಚು. ಎರಡೂ ಸೇರಿ ರೈಲು ಬಾರ್ಜ್ ಆಯಿತು.

ರೈಲು ಬಾರ್ಜ್ ಅಂದರೆ ಮೇಲೆ ಹಳಿ ಹಾಸಿದ, ಚಪ್ಪಟೆ ತಳದ ದೊಡ್ಡ ತೆಪ್ಪ. ಅದಕ್ಕೆ ಸ್ವಂತ ಇಂಜಿನ್ ಇರುವುದಿಲ್ಲ. ಗೂಡ್ಸ್ ಡಬ್ಬಿಗಳನ್ನು ಸರಕು ಇಳಿಸದೆ ಹಾಗೇ ಅದರ ಮೇಲೆ ತಳ್ಳುತ್ತಾರೆ. ಟಗ್ ದೋಣಿ ಅದನ್ನು ಎಳೆದುಕೊಂಡು ಹೋಗುತ್ತದೆ. ಆಚೆ ದಡದಲ್ಲಿ ಡಬ್ಬಿಗಳು ಮತ್ತೆ ಹಳಿಗೆ ಇಳಿದು ತಮ್ಮ ದಾರಿ ಹಿಡಿಯುತ್ತವೆ. ಅಮೆರಿಕದ ಸಿಯಾಟಲ್‌ನಿಂದ ಅಲಾಸ್ಕಾದ ವಿಟ್ಟಿಯರ್‌ಗೆ ಹೀಗೆ ಸಮುದ್ರದ ಮೇಲೆ ಡಬ್ಬಿಗಳು ಹೋಗುತ್ತವೆ. ನ್ಯೂಯಾರ್ಕ್ ಬಂದರಿನಲ್ಲಿ ಒಂದು ಕಾಲಕ್ಕೆ ಇಂಥ ತೆಪ್ಪಗಳದ್ದೇ ರಾಜ್ಯ. ಡಬ್ಬಿಗಳನ್ನು ಹಡಗಿಗೇ ಹತ್ತಿಸುವ ಕೆಲಸ ಇನ್ನೂ ಹಳೆಯದು. ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯಲ್ಲಿ ಅದು 1850ರಲ್ಲೇ ಶುರುವಾಗಿತ್ತು. ನಮ್ಮಲ್ಲೂ ಇತ್ತು. ಗುವಾಹಟಿಯ ಸರಾಯಿಘಾಟ್ ಸೇತುವೆ 1962ರಲ್ಲಿ ಬರುವವರೆಗೆ ಬ್ರಹ್ಮಪುತ್ರದ ಅಮೀನ್‌ಗಾಂವ್ ಮತ್ತು ಪಾಂಡು ದಡಗಳ ನಡುವೆ ವ್ಯಾಗನ್‌ಗಳು ನೀರಿನ ಮೇಲೇ ದಾಟುತ್ತಿದ್ದವು.

ಮಾದರಿ ಮಾಡಲು ಕೂತಾಗ ನಾನು ತಲೆ ಕೆಡಿಸಿಕೊಂಡಿದ್ದು ತೇಲಿಸುವುದು ಹೇಗೆ ಎಂದು. ತೇಲಿಸುವುದು ಸುಲಭ ಸ್ವಾಮಿ. ಡಬ್ಬಿ ಹತ್ತಿಸುವುದಿದೆಯಲ್ಲ, ಅಲ್ಲಿ ಬೆವರು ಇಳಿಯುತ್ತದೆ. ನೆಲ ಅಲುಗುವುದಿಲ್ಲ, ನೀರು ಸುಮ್ನೆ ನಿಲ್ಲುವುದಿಲ್ಲ, ಹಳಿ ಮಾತ್ರ ಎರಡಕ್ಕೂ ಕೂಡಬೇಕು. ಹಾಗಾಗಿ ಈ ಲೇಖನದಲ್ಲಿ ತೆಪ್ಪದ ಮಾತು ಕಮ್ಮಿ, ಸೇತುವೆ ಮತ್ತು ಹತ್ತಿಸುವ ಕ್ರಮದ ಮಾತು ಜಾಸ್ತಿ.

ಮೊದಲು ಲೆಕ್ಕ

ಮಾದರಿ ರೈಲು ಮಾಡುವವರು ಹೆಚ್ಚಾಗಿ ಎಚ್‌ಓ ಅಳತೆ ಹಿಡಿಯುತ್ತಾರೆ. ಅಂದರೆ ನಿಜವಾದ ಅಳತೆಯ 87ನೇ ಒಂದು ಭಾಗ. ಇದರ ಹಳಿ, ಚಕ್ರ ಆನ್‌ಲೈನ್‌ನಲ್ಲಿ ಸಿಗುತ್ತವೆ. ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಲೆಕ್ಕದ ಪ್ರಕಾರ 19 ಮಿ.ಮೀ. ಚಿಲ್ಲರೆ ಬೇಕಿತ್ತು. ಆ ಹಳಿಯನ್ನು ಕೈಯಿಂದ ಮಾಡಲು ಹೋದರೆ ಪ್ರದರ್ಶನ ಮುಗಿದಿರುತ್ತದೆ. ಡಬ್ಬಿಯ ಕಾಲು ಸ್ವಲ್ಪ ಸಣಕಲಾಗಿ ಕಾಣುತ್ತದೆ, ಅಷ್ಟೇ.

ಡಬ್ಬಿಗೆ ನಾನು ಆರಿಸಿದ್ದು ಬಾಕ್ಸ್-ಎನ್. ಕಲ್ಲಿದ್ದಲು, ಅದಿರು ತುಂಬಿಕೊಂಡು ಹೋಗುವ, ಮೇಲೆ ಮುಚ್ಚಳ ಇಲ್ಲದ ವ್ಯಾಗನ್ ಇದು. ಇದರ ಉದ್ದ 10.713 ಮೀಟರ್, ಅಗಲ 3.2 ಮೀಟರ್. ಖಾಲಿ ತೂಕ ಸುಮಾರು 22.5 ಟನ್, ತುಂಬಿದಾಗ 81.28 ಟನ್. ಉದ್ದವನ್ನು 87ರಿಂದ ಭಾಗಿಸಿದರೆ 123 ಮಿ.ಮೀ. ಬರುತ್ತದೆ. ತೂಕಕ್ಕೆ ಹಾಗೆ ಮಾಡಬಾರದು. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿವೆಯಲ್ಲ, ಹಾಗಾಗಿ 87ರಿಂದ ಮೂರು ಸಲ ಭಾಗಿಸಬೇಕು. ತುಂಬಿದ ಡಬ್ಬಿ 123 ಗ್ರಾಂ ಆಗುತ್ತದೆ, ಖಾಲಿ ಡಬ್ಬಿ 34 ಗ್ರಾಂ. 123 ಮಿ.ಮೀ. ಉದ್ದ, 123 ಗ್ರಾಂ ತೂಕ! ಬರೀ ಕಾಕತಾಳೀಯ, ಆದರೆ ನೆನಪಿಡಲು ಎಷ್ಟು ಅನುಕೂಲ ನೋಡಿ.

ಈ ತೂಕದ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಡಬ್ಬಿ ಹಗುರ ಇದ್ದರೆ ತೆಪ್ಪ ವಾಲುವುದೇ ಇಲ್ಲ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ನನ್ನ ಮೊದಲ ತೆಪ್ಪ ಮುಳುಗಿದ ಕತೆ

ಮೊದಲು ಮಾಡಿದ್ದು ಎರಡು ಹಳಿಯ ತೆಪ್ಪ. ಉದ್ದ 45 ಸೆಂ.ಮೀ., ಅಗಲ ಬರೀ 12. ನೋಡಲು ಚೆಂದ ಇತ್ತು. ಹಿತ್ತಲಿನ ಕಲ್ಲು ತೊಟ್ಟಿಯಲ್ಲಿ ಬಿಟ್ಟೆವು. ಎಡಗಡೆ ಹಳಿಗೆ ಮೂರು ತುಂಬಿದ ಡಬ್ಬಿ ಹತ್ತಿಸಿದೆ. ಮೂರನೆಯದು ಕೂರುತ್ತಿದ್ದ ಹಾಗೇ ಇಡೀ ತೆಪ್ಪ ಮಗುಚಿಕೊಂಡಿತು. "ಅಪ್ಪಾ, ಗೂಡ್ಸ್ ಗಾಡಿ ಸ್ನಾನ ಮಾಡ್ತಿದೆ" ಎಂದಳು ಮಗಳು. ಅವಳಮ್ಮ ಬಂದು ನೋಡಿ ಏನೂ ಹೇಳದೆ ಒಳಗೆ ಹೋದಳು. ಅದು ಇನ್ನೂ ಕಷ್ಟ.

ಆಮೇಲೆ ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಚಪ್ಪಟೆ ತೆಪ್ಪದ ನಿಲುವು ಅದರ ಅಗಲದ ಘನದ ಮೇಲೆ ನಿಂತಿದೆ. ಅಗಲ ಎರಡು ಪಟ್ಟಾದರೆ, ಹೊತ್ತ ಭಾರ ಅಷ್ಟೇ ಇದ್ದಾಗ, ನೀರು ಅದನ್ನು ನೆಟ್ಟಗೆ ನಿಲ್ಲಿಸುವ ಬಲ ಎಂಟು ಪಟ್ಟಾಗುತ್ತದೆ. 12 ಸೆಂ.ಮೀ.ನಿಂದ 20ಕ್ಕೆ ಹೋದರೆ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ. ಹರಿಗೋಲು ಮಗುಚದೆ ಇರುವುದೂ ಅದರ ಅಗಲದಿಂದಲೇ ಅಲ್ವಾ? ಅಷ್ಟಿದ್ದರೂ ಅಂಬಿಗ "ನಡುವಿಗೆ ಬನ್ನಿ ಸ್ವಾಮಿ, ಎಲ್ಲ ಒಂದೇ ಕಡೆ ಕೂರಬೇಡಿ" ಎಂದು ಗದರುತ್ತಾನೆ. ಆ ಮಾತಿಗೆ ಮುಂದೆ ಮತ್ತೆ ಬರೋಣ.

ಸಾಮಾನು

4 ಮಿ.ಮೀ. ಪ್ಲೈವುಡ್, ಸೇತುವೆಗೆ ಮಾತ್ರ 3 ಮಿ.ಮೀ. ಚೂರು. ನೀರಿಗೆ ತಡೆಯುವ ಮರದ ಅಂಟು, ಎಂ-ಸೀಲ್, ಎನಾಮೆಲ್ ಪೇಂಟ್. ಬಗ್ಗಿಸಬಹುದಾದ ಎಚ್‌ಓ ಹಳಿ 91 ಸೆಂ.ಮೀ. ಉದ್ದದ್ದು ಮೂರು. ಒಂಬತ್ತು ಡಬ್ಬಿಗೆ ಹದಿನೆಂಟು ಬೋಗಿ, ಅಂದರೆ ಡಬ್ಬಿಯ ಕೆಳಗೆ ಕೂರುವ, ಎರಡು ಜೋಡಿ ಚಕ್ರ ಇರುವ ಚೌಕಟ್ಟು. ದುಡ್ಡು ಖರ್ಚಾಗುವುದೇ ಇಲ್ಲಿ. ಡಬ್ಬಿಯ ಮೈಗೆ ಸನ್‌ಬೋರ್ಡ್ ಸಾಕು. ತೂಕಕ್ಕೆ ಕಬ್ಬಿಣದ ನಟ್ಟುಗಳು. ಸೀಸ ಬೇಡ, ಮಕ್ಕಳು ಮುಟ್ಟುತ್ತಾರೆ. ಪೆಟ್ಟಿಗೆಗೆ ಹಾಕುವ ಸಣ್ಣ ಹಿಂಜಸ್ ಎರಡು. ಹಳೆಯ ಸೈಕಲ್ ಕಡ್ಡಿ. ಗಿಲೀಟು ಸರದ ಸಣ್ಣ ಚೈನು ಒಂದೆರಡು ಮಾರು. ಇದನ್ನು ನಾವು ದೇವರಾಜ ಮಾರುಕಟ್ಟೆ ಕಡೆ ಬಳೆ ಅಂಗಡಿಯಲ್ಲಿ ತಂದೆವು. "ಯಾವ ಡ್ರೆಸ್ಸಿಗೆ?" ಎಂದು ಅಂಗಡಿಯಾಕೆ ಕೇಳಿದರೆ ಗೂಡ್ಸ್ ಗಾಡಿಗೆ ಎನ್ನಲು ನಾಚಿಕೆಯಾಯಿತು.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸರಿ. ಇಲ್ಲದಿದ್ದರೆ ಕೊಳ್ಳಿ. ಇದು ಇಲ್ಲದೆ ಆಗುವುದಿಲ್ಲ.

ತೆಪ್ಪ

ಉದ್ದ 45, ಅಗಲ 20, ಎತ್ತರ 5 ಸೆಂ.ಮೀ. ಪೆಟ್ಟಿಗೆ ಮಾಡಿ. ಒಳಗೆ ಎರಡು ಅಡ್ಡಗೋಡೆ ಹಾಕಿ ಮೂರು ಕೋಣೆ ಮಾಡಿ. ಅಡ್ಡಗೋಡೆ ಯಾಕೆ ಎಂದರೆ, ಎಲ್ಲೋ ಒಂದು ಕಡೆ ನೀರು ಒಸರಿದರೂ ಅದು ಇಡೀ ತೆಪ್ಪಕ್ಕೆ ಹರಡಬಾರದು. ಒಳಗೆ ಸೇರಿದ ನೀರು ನಿಂತ ಭಾರದ ಹಾಗೆ ಇರುವುದಿಲ್ಲ. ತೆಪ್ಪ ಎತ್ತ ವಾಲಿದರೆ ನೀರೂ ಅತ್ತಲೇ ಓಡಿ ಇನ್ನಷ್ಟು ವಾಲಿಸುತ್ತದೆ. ದೊಡ್ಡ ಹಡಗುಗಳನ್ನೂ ಇದು ಕೆಡವಿದೆ. ಪ್ರತಿ ಕೋಣೆಯ ಮೇಲೆ ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ ಇರಲಿ.

ಮೂಲೆಗಳಿಗೆ ಒಳಗಿನಿಂದ ಎಂ-ಸೀಲ್ ತೀಡಿ, ಮೇಲಿನ ಹಲಗೆ ಮುಚ್ಚಿ, ಎರಡು ಕೈ ಎನಾಮೆಲ್ ಬಳಿಯಿರಿ. ಎರಡು ದಿನ ಒಣಗಲಿ. ಅವಸರ ಮಾಡಿದರೆ ಪ್ಲೈವುಡ್ ಉಬ್ಬುತ್ತದೆ.

ಹಿಂದಿನ ತುದಿಯ ತಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಮೀನಿನ ರೆಕ್ಕೆಯಂತೆ ಸಣ್ಣ ಪ್ಲೈವುಡ್ ಪಟ್ಟಿ ಅಂಟಿಸಿ. ನಿಜವಾದ ಬಾರ್ಜ್‌ಗಳಿಗೂ ಇವು ಇರುತ್ತವೆ. ಇಲ್ಲದಿದ್ದರೆ ಎಳೆಯುವಾಗ ತೆಪ್ಪ ನಾಯಿ ಬಾಲದ ಹಾಗೆ ಅತ್ತಿತ್ತ ಆಡುತ್ತದೆ.

ಮೇಲೆ ಮೂರು ಹಳಿ. ಒಂದು ನಟ್ಟನಡುವೆ, ಉಳಿದೆರಡು ಅದರಿಂದ ಐದೂವರೆ ಸೆಂ.ಮೀ. ಆಚೀಚೆ. ಡಬ್ಬಿ ಹತ್ತುವ ತುದಿಯಲ್ಲಿ ಮೂರೂ ಹಳಿಗಳ ಮೂತಿ ಒಂದೇ ಗೆರೆಗೆ ಬರಬೇಕು. ಕತ್ತರಿಸಿದ ಮೇಲೆ ಅರದಿಂದ ನುಣುಪು ಮಾಡಿ. ಇನ್ನೊಂದು ತುದಿಗೆ ಗಟ್ಟಿಯಾದ ತಡೆ ಇರಲಿ, ಇಲ್ಲವಾದರೆ ಡಬ್ಬಿ ನೇರ ನೀರಿಗೆ.

ಎಲ್ಲ ಮುಗಿದಾಗ ನಮ್ಮ ತೆಪ್ಪ 900 ಗ್ರಾಂ ತೂಗಿತು. ತಳ 900 ಚದರ ಸೆಂ.ಮೀ. ಹಾಗಾಗಿ ಖಾಲಿ ತೆಪ್ಪ ಒಂದು ಸೆಂ.ಮೀ. ಮುಳುಗುತ್ತದೆ. ಆಮೇಲೆ ಪ್ರತಿ 90 ಗ್ರಾಂಗೆ 1 ಮಿ.ಮೀ. ಒಂಬತ್ತು ಡಬ್ಬಿ ಹೇರಿದರೆ ಇನ್ನು 12 ಮಿ.ಮೀ. ತಗ್ಗುತ್ತದೆ. ನೀರಿನ ಮೇಲೆ ಇನ್ನೂ ಎರಡೂಮುಕ್ಕಾಲು ಸೆಂ.ಮೀ. ಉಳಿಯುತ್ತದೆ. ಯೋಚನೆಯಿಲ್ಲ.

ಡಬ್ಬಿಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸನ್‌ಬೋರ್ಡ್ ಪೆಟ್ಟಿಗೆ, ಕೆಳಗೆ ಬೋಗಿ, ಒಳಗೆ ನಟ್ಟು, ಮೇಲೆ ಕಪ್ಪು ಜಲ್ಲಿಪುಡಿ. ನಟ್ಟುಗಳು ತಳಕ್ಕೆ ಹತ್ತಿರ ಇರಲಿ, ಒಳಗೆ ಉರುಳದಂತೆ ಅಂಟಿಸಿ. ಕೊಂಡಿ, ಬ್ರೇಕ್, ರಿವೆಟ್ ಹೇಗಿರುತ್ತವೆ ಎಂದು ಹತ್ತಿರದಿಂದ ನೋಡಬೇಕಾದರೆ ಕೆಆರ್‌ಎಸ್ ರಸ್ತೆಯ ರೈಲು ಮ್ಯೂಸಿಯಂಗೆ ಹೋಗಿ. 1979ರಲ್ಲಿ ಶುರುವಾದದ್ದು. ಮಕ್ಕಳಿಗೆ ಒಂದು ಭಾನುವಾರ ಹೇಗೂ ಅಲ್ಲಿ ಕಳೆಯುತ್ತದೆ. ಗೂಡ್ಸ್ ಯಾರ್ಡ್ ಒಳಗೆ ಮಾತ್ರ ನುಗ್ಗಬೇಡಿ. ಪ್ಲಾಟ್‌ಫಾರಂನಿಂದ ಕಾಣುವಷ್ಟು ಸಾಕು.

ಸೇತುವೆ: ಇಲ್ಲಿ ನಿಧಾನಿಸಿ

ದಡದ ಹಳಿಗೂ ತೆಪ್ಪದ ಹಳಿಗೂ ನಡುವೆ ಒಂದು ಏರಿಳಿಯುವ ಸೇತುವೆ ಬೇಕು. ಯಾಕೆ? ಮೊದಲ ಡಬ್ಬಿ ತೆಪ್ಪದ ತುದಿಗೆ ಕಾಲಿಟ್ಟ ಕೂಡಲೇ ಆ ತುದಿ 4ರಿಂದ 5 ಮಿ.ಮೀ. ಕುಸಿಯುತ್ತದೆ. ನಿಜವಾದ ಅಳತೆಯಲ್ಲಿ ಅದು ಒಂದಡಿಗಿಂತ ಜಾಸ್ತಿ! ಡಬ್ಬಿ ಒಳಗೆ ಹೋದ ಹಾಗೆ ಮತ್ತೆ ಸ್ವಲ್ಪ ಏಳುತ್ತದೆ. ಸಮುದ್ರದಲ್ಲಾದರೆ ಇದರ ಜೊತೆಗೆ ಭರತ ಇಳಿತ ಬೇರೆ. ಇಂಗ್ಲೆಂಡಿನ ಡೋವರ್‌ನಲ್ಲಿ ಈ ಭರತ ಇಳಿತದ ಕಾಟಕ್ಕೆ ಬೇಸತ್ತು, 1936ರಲ್ಲಿ ರೈಲು ಹಡಗು ಶುರು ಮಾಡುವಾಗ ಗೇಟು ಇರುವ ಕಟ್ಟೆಯನ್ನೇ ಕಟ್ಟಿದರು. ಹಡಗು ಒಳಗೆ ಬಂದ ಮೇಲೆ ಗೇಟು ಮುಚ್ಚಿ, ಪಂಪಿನಿಂದ ನೀರಿನ ಮಟ್ಟವನ್ನೇ ಸರಿ ಮಾಡುತ್ತಿದ್ದರು. ನಮಗೆ ಅಷ್ಟು ಬೇಡ.

3 ಮಿ.ಮೀ. ಪ್ಲೈವುಡ್‌ನಲ್ಲಿ 30 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಮೇಲೆ ಹಳಿ ಹಾಕಿ. ದಡದ ಕಡೆ ಹಿಂಜಸ್ ಬಿಗಿಯಿರಿ. ನೀರಿನ ಕಡೆಯ ತುದಿ ತೆಪ್ಪದ ಅಂಚಿನ ಮೇಲೆ ಕೂರಬೇಕು. ಅದಕ್ಕಾಗಿ ತೆಪ್ಪದ ಆ ತುದಿಗೆ ಒಂದು ಸಣ್ಣ ಮೆಟ್ಟಿಲು ಅಂಟಿಸಿ.

ಸೇತುವೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ನಾನೂ ಹಾಗೇ ತಿಳಿದು ಮೊದಲು ದಪ್ಪ ಮರದ ಪಟ್ಟಿ ಹಾಕಿದೆ. ತೆಪ್ಪ ಒಂಚೂರು ವಾಲಿದರೂ ಒಂದು ಹಳಿ ಮೇಲೆ, ಒಂದು ಹಳಿ ಕೆಳಗೆ. ಪ್ರತಿ ಸಲ ಡಬ್ಬಿ ಹಳಿ ತಪ್ಪಿತು. ಸೇತುವೆ ತೆಪ್ಪದ ಜೊತೆ ಸ್ವಲ್ಪ ತಿರುಚಿಕೊಳ್ಳಬೇಕು. ಅದಕ್ಕೇ ತೆಳು ಪ್ಲೈವುಡ್.

ಹಳಿ ಅಕ್ಕಪಕ್ಕ ಜಾರದಂತೆ ಬೀಗ ಬೇಕು. ಸೈಕಲ್ ಕಡ್ಡಿಯ ಎರಡು ತುಂಡು ತೆಗೆದುಕೊಳ್ಳಿ. ಸೇತುವೆಯಲ್ಲಿ ಎರಡು ತೂತು, ತೆಪ್ಪದ ಮೆಟ್ಟಿಲಿನಲ್ಲಿ ಪ್ರತಿ ಹಳಿಗೆ ಎರಡೆರಡು. ಕಡ್ಡಿ ಇಳಿಸಿದರೆ ಹಳಿ ತಾನಾಗಿ ನೇರಕ್ಕೆ ಬರುತ್ತದೆ. ತೂತು ಕೊರೆಯುವಾಗ ಡಬ್ಬಿಯನ್ನು ಹಳಿಯ ಸಂದಿನ ಮೇಲೇ ನಿಲ್ಲಿಸಿಕೊಂಡು ಗುರುತು ಮಾಡಿ. ಅಳತೆಪಟ್ಟಿ ನಂಬಿದರೆ ಕೆಡುತ್ತೀರಿ.

ದಡದ ಎತ್ತರ ಎಷ್ಟಿರಬೇಕು? ಖಾಲಿ ತೆಪ್ಪದ ಮಟ್ಟಕ್ಕೆ ಇಟ್ಟರೆ, ತುಂಬುವ ಹೊತ್ತಿಗೆ ಸೇತುವೆ 12 ಮಿ.ಮೀ. ಇಳಿಜಾರಾಗುತ್ತದೆ. 30 ಸೆಂ.ಮೀ.ಗೆ 12 ಮಿ.ಮೀ. ಎಂದರೆ ಡಬ್ಬಿಗಳು ಕೈ ಬಿಟ್ಟ ಕೂಡಲೇ ಓಡುತ್ತವೆ. ಅದರ ಬದಲು ದಡವನ್ನು ನಡುಮಟ್ಟಕ್ಕೆ ಇಡಿ, ಅಂದರೆ ಖಾಲಿ ತೆಪ್ಪಕ್ಕಿಂತ 6 ಮಿ.ಮೀ. ಕೆಳಗೆ. ಆಗ ಶುರುವಿನಲ್ಲಿ ಸ್ವಲ್ಪ ಏರು, ಕೊನೆಯಲ್ಲಿ ಸ್ವಲ್ಪ ಇಳಿಜಾರು. ಎರಡೂ ಸಹಿಸುವಂಥದ್ದು.

ದೊಡ್ಡ ಬಂದರಿನ ಸೇತುವೆಯ ಮೇಲೆ ಹಳಿ ಕವಲೊಡೆಯುತ್ತದೆ, ಒಂದೊಂದು ಕವಲು ತೆಪ್ಪದ ಒಂದೊಂದು ಹಳಿಗೆ ಹೋಗುತ್ತದೆ. ಅದನ್ನು ಮಾಡಲು ಹೋಗಬೇಡಿ. ಸೇತುವೆಯಲ್ಲಿ ಒಂದೇ ಹಳಿ ಇರಲಿ. ತೆಪ್ಪವನ್ನೇ ಪಕ್ಕಕ್ಕೆ ಸರಿಸಿ, ಬೇಕಾದ ಹಳಿಗೆ ಕಡ್ಡಿ ಹಾಕಿ.

ಹತ್ತಿಸುವುದು

ನೀರಿಗೆ ತಾರಸಿಯ ಮೇಲೆ ಇಟ್ಟಿಗೆ ಜೋಡಿಸಿ, ಮೇಲೆ ಟಾರ್ಪಾಲ್ ಹಾಸಿ ಕೊಳ ಮಾಡಿದೆವು. ಆರಡಿ ಉದ್ದ, ಮೂರಡಿ ಅಗಲ, ನಾಲ್ಕಿಂಚು ನೀರು. ಒಂದೂವರೆ ಕ್ವಿಂಟಾಲ್ ಮೇಲಾಗುತ್ತದೆ, ಆದ್ದರಿಂದ ಹಳೆಯ ಶೀಟು ಮನೆ ಮೇಲೆ ಬೇಡ. ಕರೆಂಟಿನ ಯಾವ ವೈರನ್ನೂ ಹತ್ತಿರ ತರಬೇಡಿ. ಡಬ್ಬಿಗಳನ್ನು ಕೈಯಿಂದಲೇ ತಳ್ಳೋಣ.

ನಿಜವಾಗಿಯೂ ಇಂಜಿನ್ ತೆಪ್ಪಕ್ಕೆ ಹತ್ತುವುದಿಲ್ಲ. ಅದರ ಭಾರವನ್ನು ಸೇತುವೆಯ ಮೇಲೂ ಬಿಡುವುದಿಲ್ಲ. ಇಂಜಿನ್‌ಗೂ ಸರಕಿನ ಡಬ್ಬಿಗೂ ನಡುವೆ ಒಂದೆರಡು ಖಾಲಿ ಚಪ್ಪಟೆ ಡಬ್ಬಿ ಸೇರಿಸುತ್ತಾರೆ. ಉದ್ದನೆಯ ಕೈ ಇದ್ದ ಹಾಗೆ. ನೀವೂ ಒಂದು ಹಗುರ ಚಪ್ಪಟೆ ಡಬ್ಬಿ ಮಾಡಿ ಅದರಿಂದಲೇ ತಳ್ಳಿ. ಬೆರಳು ತೆಪ್ಪಕ್ಕೆ ತಾಕಬಾರದು. ತಾಕಿದರೆ ಆಟ ಕೆಟ್ಟಿತು.

ಈಗ ಕ್ರಮ. ಮೊದಲು ನಡುವಿನ ಹಳಿ ತುಂಬಿ, ಮೂರು ಡಬ್ಬಿ. ತೆಪ್ಪ ಸಮವಾಗಿ ಇಳಿಯುತ್ತದೆ. ಆಮೇಲೆ ಎಡಕ್ಕೆ ಒಂದೇ ಒಂದು. ಬಲಕ್ಕೆ ಎರಡು. ಮತ್ತೆ ಎಡಕ್ಕೆ ಉಳಿದ ಎರಡು. ಕೊನೆಗೆ ಬಲಕ್ಕೆ ಒಂದು. ಒಂದು, ಎರಡು, ಎರಡು, ಒಂದು. ಹೀಗೆ ಮಾಡಿದರೆ ಪ್ರತಿ ಸರದಿ ಮುಗಿದಾಗಲೂ ಎರಡು ಬದಿಗಳ ವ್ಯತ್ಯಾಸ ಒಂದು ಡಬ್ಬಿಗಿಂತ ಹೆಚ್ಚಿರುವುದಿಲ್ಲ. ಆಗ ತೆಪ್ಪದ ಅಂಚು ಸುಮಾರು 3 ಮಿ.ಮೀ. ತಗ್ಗುತ್ತದೆ. ಸೇತುವೆ ಅಷ್ಟನ್ನು ತಿರುಚಿಕೊಂಡು ಸಹಿಸುತ್ತದೆ. ಒಂದೇ ಬದಿಗೆ ಮೂರೂ ಹತ್ತಿಸಿದರೆ 8 ಮಿ.ಮೀ. ಈ ಅಗಲದ ತೆಪ್ಪ ಮಗುಚುವುದಿಲ್ಲ, ಆದರೆ ಮೂರನೆಯ ಡಬ್ಬಿ ಸಂದಿನಲ್ಲಿ ಹಳಿ ತಪ್ಪುವುದು ಹೆಚ್ಚುಕಮ್ಮಿ ಖಾತ್ರಿ. ಅಂಬಿಗನ ಮಾತು ನೆನಪಿದೆಯಲ್ಲ?

ಪ್ರದರ್ಶನದಲ್ಲಿ ಒಮ್ಮೆ ತಪ್ಪು ಕ್ರಮದಲ್ಲಿ ಮಾಡಿ ತೋರಿಸಿ. ಮಕ್ಕಳು ಸೇರುವುದು ಆವಾಗಲೇ.

ಇಳಿಸುವಾಗಲೂ ಇದೇ ಕ್ರಮ ಹಿಂದುಮುಂದಾಗಿ. ಇದನ್ನು ಎಲ್ಲರೂ ಮರೆಯುತ್ತಾರೆ. ಹತ್ತಿಸುವಾಗ ಉಸಿರು ಬಿಗಿಹಿಡಿದವರು ಇಳಿಸುವಾಗ ಒಂದೇ ಬದಿಯಿಂದ ಸರಸರ ಎಳೆದುಬಿಡುತ್ತಾರೆ.

ಕಟ್ಟುವುದು

ಬಂದರಿನ ಒಳಗೇ ದಾಟುವುದಾದರೆ ಬ್ರೇಕು, ಚಕ್ರಕ್ಕೆ ಅಡ್ಡಕಟ್ಟಿಗೆ ಸಾಕು. ತೆರೆದ ಸಮುದ್ರಕ್ಕೆ ಸಾಲುವುದಿಲ್ಲ. ಡಬ್ಬಿಯ ನಾಲ್ಕು ಮೂಲೆಯಿಂದ ಚೈನು ಎಳೆದು ತೆಪ್ಪಕ್ಕೆ ಬಿಗಿಯುತ್ತಾರೆ. ಅಷ್ಟೇ ಅಲ್ಲ, ಡಬ್ಬಿಯ ಕೆಳಗೆ ಜಾಕ್ ಕೊಟ್ಟು ಸ್ಪ್ರಿಂಗಿನ ಮೇಲಿನ ಭಾರ ತೆಗೆಯುತ್ತಾರೆ. ಸ್ಪ್ರಿಂಗು ಕುಣಿಯುತ್ತಿದ್ದರೆ ಪ್ರತಿ ಅಲೆಗೂ ಚೈನು ಒಮ್ಮೆ ಸಡಿಲ, ಒಮ್ಮೆ ಬಿಗಿ. ಹಾಗೆ ಜಗ್ಗಿ ಜಗ್ಗಿಯೇ ಅದು ಕಿತ್ತುಬರುತ್ತದೆ. 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿಶಿಗನ್ ಸರೋವರದ ಬಿರುಗಾಳಿಯಲ್ಲಿ ‘ಮಿಲ್ವಾಕೀ’ ಎಂಬ ರೈಲು ಹಡಗು ಮುಳುಗಿತು. ಅದರಲ್ಲಿದ್ದ ಒಬ್ಬರೂ ಬದುಕಲಿಲ್ಲ. ಅಲೆಯ ಹೊಡೆತದ ಮುಂದೆ ಡಬ್ಬಿ ಕಟ್ಟುವುದು ಆಟದ ಮಾತಲ್ಲ ಎಂದು ಮಗಳಿಗೆ ಹೇಳಿದ್ದು ಈ ಕತೆಯಿಂದಲೇ.

ಮಾದರಿಯಲ್ಲಿ ಗಿಲೀಟು ಚೈನು, ಸೇಫ್ಟಿ ಪಿನ್ನಿನ ಕೊಕ್ಕೆ. ಡಬ್ಬಿಯ ಕೆಳಗೆ ಎರಡು ಬದಿಗೂ ಪುಟ್ಟ ಮರದ ತುಂಡು ಸಿಕ್ಕಿಸಿ. ನಮ್ಮ ಬೋಗಿಗೆ ಸ್ಪ್ರಿಂಗ್ ಇಲ್ಲ, ಆದರೆ ಡಬ್ಬಿ ಬೋಗಿಯ ಮೇಲೆ ತೂಗಾಡುತ್ತದೆ. ಆ ತುಂಡು ಅದನ್ನು ನಿಲ್ಲಿಸುತ್ತದೆ. ಈಗ ಕೊಳದ ತುದಿಯಲ್ಲಿ ಒಂದು ಹಲಗೆ ಹಿಡಿದು ಅಲೆ ಎಬ್ಬಿಸಿ. ಒಂದು ಸಾಲಿಗೆ ಮಾತ್ರ ಚೈನು ಹಾಕಿ ಉಳಿದದ್ದನ್ನು ಹಾಗೇ ಬಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಎಳೆಯುವುದು, ವಿಡಿಯೋ ತೆಗೆಯುವುದು

ತೆಪ್ಪದ ಮುಂದಿನ ಎರಡು ಮೂಲೆಗೂ ದಾರ ಕಟ್ಟಿ, ಎರಡನ್ನೂ ಮುಂದೆ ಒಂದು ಗಂಟಿಗೆ ಸೇರಿಸಿ. ಎತ್ತಿಗೆ ಮೂಗುದಾರ ಇದ್ದ ಹಾಗೆ, ಹಿಡಿತ ಸಿಗುತ್ತದೆ. ಅಲ್ಲಿಂದ ಒಂದೇ ದಾರ. ನಿಧಾನವಾಗಿ ಎಳೆಯಿರಿ. ಜಗ್ಗಬೇಡಿ.

ವಿಡಿಯೋ ಮಾಡುವವರಿಗೊಂದು ಗುಟ್ಟು. ಮಾಮೂಲಿ ವೇಗದಲ್ಲಿ ತೆಗೆದರೆ ತೆಪ್ಪ ಬಕೆಟ್ಟಿನಲ್ಲಿ ಬಿದ್ದ ತಟ್ಟೆಯ ಹಾಗೆ ಪಟಪಟ ಅಲುಗುತ್ತದೆ. ನೀರಿನಲ್ಲಿ ಕಾಲದ ಲೆಕ್ಕ ಅಳತೆಯ ವರ್ಗಮೂಲದಂತೆ ನಡೆಯುತ್ತದೆ. 87ರ ವರ್ಗಮೂಲ 9.3. ಅಷ್ಟು ಪಟ್ಟು ನಿಧಾನ ಮಾಡಿದರೆ ದೊಡ್ಡ ಬಾರ್ಜ್ ತೂಗಿದಂತೆಯೇ ಕಾಣುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆದು 30ರಂತೆ ಓಡಿಸಿದರೆ ಎಂಟು ಪಟ್ಟು ನಿಧಾನ. ಸಾಕು. ಕ್ಯಾಮೆರಾ ನೀರಿನ ಮಟ್ಟಕ್ಕೆ ಹತ್ತಿರ ಇರಲಿ.

ಶಾಲೆಗೆ ಒಯ್ಯುವ ದಿನ

ತೆಪ್ಪ ಸ್ಕೂಟರ್‌ನ ಕಾಲಿಡುವ ಜಾಗದಲ್ಲಿ ನಿಂತುಕೊಳ್ಳುತ್ತದೆ. ಡಬ್ಬಿಗಳನ್ನು ಬಟ್ಟೆ ಸುತ್ತಿ ಟಿಫನ್ ಬ್ಯಾಗಿಗೆ ಹಾಕಿ. ಅಲ್ಲಿ ಹೋದ ಮೇಲೆ ಮೊದಲು ಟಾರ್ಪಾಲ್ ಕೊಳಕ್ಕೆ ನೀರು ತುಂಬಿ. ಆಮೇಲೆ ತೆಪ್ಪ ಬಿಟ್ಟು, ಅದಕ್ಕೆ ತಕ್ಕಂತೆ ದಡದ ಇಟ್ಟಿಗೆ ಏರಿಸಿ ಇಳಿಸಿ. ದಡ ಮೊದಲು ಕಟ್ಟಿ ಆಮೇಲೆ ನೀರು ಹಾಕಿದರೆ ಮಟ್ಟ ಯಾವತ್ತೂ ಕೂಡುವುದಿಲ್ಲ. ಅಂಚಿಗೆ ರಟ್ಟು ಮಡಿಸಿಟ್ಟುಕೊಂಡರೆ ಒಂದೆರಡು ಮಿ.ಮೀ. ಸರಿ ಮಾಡಲು ಅನುಕೂಲ.

ಹತ್ತು ಸಲ ಆಡಿಸಿದ ಮೇಲೆ ತೆಪ್ಪವನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಗುಳುಗುಳು ಅಂದರೆ ನೀರು ಸೇರಿದೆ. ಬಿರಡೆ ತೆಗೆದು ಬಗ್ಗಿಸಿ. ಮನೆಗೆ ಬಂದ ಮೇಲೆ ಬಿರಡೆ ತೆಗೆದೇ ಬಿಸಿಲಿಗೆ ಇಡಿ. ನಮ್ಮದು ಈಗಲೂ ಅಟ್ಟದ ಮೇಲೆ, ಮೂರೂ ಬಿರಡೆ ಒಂದು ದಾರದಲ್ಲಿ ಕಟ್ಟಿ ಹಳಿಗೆ ನೇತುಹಾಕಿದೆ.